ಮಂಜಿನಲ್ಲಿ ಕಂಡ ಟಾಕಿ

ತೊಗರಿ ಕಟ್ಟಿಗೆಯ ಹೊಗೆಯ ವಾಸನೆ ಮೂಗಿಗೆ ಬಡಿದರೆ ನಾಳೆ ಮಂಜು ಬೀಳುತ್ತದೆಂದು ನಲಿನಿ ಸಣ್ಣವಳಿದ್ದಾಗಲೇ ಹೇಳುತ್ತಿದ್ದಳು. ಕಲಬುರ್ಗಿಯ ಅವರ ಓಣಿಯಲ್ಲಿ ಚಳಿಗಾಲದ ಸಂಜೆ ಆ ಹೊಗೆ ಮೇಲೇರದೆ ಹೊಸ್ತಿಲ ಮಟ್ಟದಲ್ಲೇ ನಿಂತರೆ, ಬೆಳಗಾದಾಗ ಎದುರು ಮನೆ ಕಾಣುತ್ತಿರಲಿಲ್ಲ. ಹುಡುಗಿಯ ಕಣ್ಣು ಚುರುಕು ಎಂದು ಅಪ್ಪ ಬಿ.ಎಸ್ಸಿ. ಓದಿಸಿದರು. ಈಗ ಅವಳು ಹೈದರಾಬಾದಿನ ಅಂಚಿನ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಹವಾಮಾನ ನೋಡುವ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು.

ಅರ್ಧ ತಾಸಿಗೊಮ್ಮೆ ಹೊರಗೆ ಬಂದು ಒಂದೇ ಜಾಗದಲ್ಲಿ ನಿಂತು ಎಷ್ಟು ದೂರ ಕಾಣುತ್ತದೆಂದು ನೋಡಬೇಕು. ದರ್ಗಾದ ಗೋಡೆ ಕಂಡರೆ ಐದುನೂರು ಮೀಟರ್, ಬೇವಿನ ಸಾಲು ಕಂಡರೆ ಎಂಟುನೂರು, ಹಳೆಯ ನೀರಿನ ಟಾಕಿ ಕಂಡರೆ ಸಾವಿರದೈನೂರು. ಅದನ್ನು ರಿಜಿಸ್ಟರಿನಲ್ಲಿ ಬರೆದು, ವಿಮಾನಗಳಿಗೆ ಸೂಚನೆ ಕೊಡುವ ಗೋಪುರಕ್ಕೆ ಫೋನ್ ಮಾಡಬೇಕು. ಸಾವಿರಕ್ಕಿಂತ ಕಡಿಮೆಯಾದರೆ ವಿಮಾನಕ್ಕೆ ಇಳಿಯಲು ಅಪ್ಪಣೆಯಿಲ್ಲ. ಬೇರೆ ಊರಿಗೆ ಹೋಗಬೇಕು.

೧೯೮೩ರ ಡಿಸೆಂಬರ್. ತಂಗಿಯ ಮದುವೆಯ ಸೀರೆಗಳಿಗಾಗಿ ಸುಲ್ತಾನ್ ಬಜಾರ್ ಸುತ್ತಿ, ಮೂರು ದಿನದ ರಜೆ ಮುಗಿಸಿ ಬಂದ ಬೆಳಗು. ಆರೂವರೆಗೆ ಹೊರಗೆ ನಿಂತಳು. ಮಂಜು ದಟ್ಟವಾಗಿತ್ತು, ಆದರೂ ಟಾಕಿ ಎಂದಿನಂತೆ ಮಸುಕಾಗಿ ಕಂಡಿತು. ಸಾವಿರದೈನೂರು ಎಂದು ಬರೆದಳು.

ಹತ್ತು ನಿಮಿಷಕ್ಕೆ ನರಹರಿಯೆಂಬ ಪೈಲಟ್ ಒಬ್ಬನೇ ಸಣ್ಣ ವಿಮಾನದಲ್ಲಿ ಬಂದ. ನಿಯಮದಂತೆ ಯಂತ್ರಗಳ ಮುಳ್ಳು ನೋಡುತ್ತ ಮುನ್ನೂರು ಅಡಿಯವರೆಗೆ ಇಳಿಯಬಹುದು. ಅಲ್ಲಿ ಓಡುದಾರಿ ಕಣ್ಣಿಗೆ ಬೀಳದಿದ್ದರೆ ಮೇಲೇರಬೇಕು. ಅವನಿಗೆ ಕಾಣಲಿಲ್ಲ. ಒಂದೂವರೆ ಕಿಲೋಮೀಟರ್ ಕಾಣುತ್ತದೆಂದು ಹೇಳಿದ್ದಾರಲ್ಲ, ಸ್ವಲ್ಪ ಇಳಿದರೆ ಓಡುದಾರಿ ಕಂಡೀತು ಎಂದುಕೊಂಡನೋ ಏನೋ, ಇನ್ನಷ್ಟು ಕೆಳಗೆ ಬಂದ. ಕೆಳಗೆ ಬಂಡೆಗಳಿದ್ದವು.

ಹತ್ತು ಗಂಟೆಗೆ ಮಂಜು ಸರಿಯಿತು. ನಲಿನಿ ಮತ್ತೆ ನೋಡಲು ಬಂದಳು. ಬೇವಿನ ಸಾಲಿನಾಚೆ ಟಾಕಿ ಇರಲಿಲ್ಲ. ಅವಳು ರಜೆಯಲ್ಲಿದ್ದಾಗ ಅದನ್ನು ಕೆಡವಿದ್ದರು. ನೋಡಬೇಕಾದ ಗುರುತುಗಳ ಪಟ್ಟಿಯಿಂದ ಅದರ ಹೆಸರನ್ನು ಯಾರೂ ಹೊಡೆದುಹಾಕಿರಲಿಲ್ಲ. ಎಂಟು ವರ್ಷ ನೋಡಿದ ಕಣ್ಣು ಇಲ್ಲದ್ದನ್ನು ಕಂಡಿತ್ತು.

ದಿಲ್ಲಿಯಿಂದ ಬಂದ ಅಧಿಕಾರಿಗಳು ಅಪಘಾತದ ವಿಚಾರಣೆ ಮಾಡುವ ಹಿಂದಿನ ದಿನ ಅವಳು ಮೇಲಧಿಕಾರಿ ಶಿವಶರಣಪ್ಪನವರಿಗೆ ಎಲ್ಲ ಹೇಳಿದಳು. ಅವರು ಎದ್ದು ಬಾಗಿಲು ಹಾಕಿದರು.

"ಅಂವ ಮುನ್ನೂರು ಫೂಟಿನ ಕೆಳಗ ಬಂದಾನ್ರಿ ನಲಿನಿಬಾಯಿ. ತಪ್ಪು ಅವಂದು ಐತಿ. ಟಾಕಿ ಯಾವತ್ತು ಬಿತ್ತಂತ ದಿಲ್ಲಿಯವ್ರು ಕೇಳ್ತಾರೇನು? ಆ ರಿಜಿಸ್ಟರಿನ ಹಾಳಿ ಮ್ಯಾಲೆ ನಂದೂ ಸಹಿ ಐತಿ. ನಾಳೆ ಚಷ್ಮಾದ ಅಂಗಡಿಗೆ ಹೋಗ್ರಿ ಬೇಕಾದ್ರ, ವಿಚಾರಣಿಗೆ ಬಂದು ಬಾಯಿ ಬಿಡಬ್ಯಾಡ್ರಿ."

ಹಿಮಾಯತ್‌ನಗರದ ಒಂದು ಕಚೇರಿಯ ಮೇಲ್ಮಹಡಿಯಲ್ಲಿ ವಿಚಾರಣೆ. ಹೊರಗಿನ ಬೆಂಚಿನ ಮೇಲೆ ನರಹರಿಯ ತಾಯಿ ಗಿರಿಜಾಬಾಯಿ ಕೂತಿದ್ದರು. ನಲಿನಿ ನಿಂತದ್ದನ್ನು ಕಂಡು, ಯಾರೆಂದೂ ಕೇಳದೆ, ಸೀರೆಯ ನೆರಿಗೆ ಒತ್ತಿ ಹಿಡಿದು ಜಾಗ ಬಿಟ್ಟುಕೊಟ್ಟರು. ಇವಳದು ಕನ್ನಡವೆಂದು ತಿಳಿದ ಮೇಲೆ ಮಾತು ತಾನಾಗಿ ಬಂತು.

"ಅವಸರ ಮಾಡಿ ಸತ್ತ ಅಂತಾರವ್ವಾ ನಮ್ಮ ತಾರ್ನಾಕದ ಓಣಿ ಮಂದಿ. ಅಂವ ಊಟ ಸುದ್ದಾ ಭಾಳ ಸಾವಕಾಶ ಮಾಡಾಂವ."

ಒಳಗೆ ಕರೆದಾಗ ನಲಿನಿ ಟಾಕಿಯ ವಿಷಯ ಪೂರ್ತಿ ಹೇಳಿದಳು. ಬರೆದುಕೊಳ್ಳುತ್ತಿದ್ದವನು ಬರೆಯುವುದನ್ನು ನಿಲ್ಲಿಸಿ ಮತ್ತೊಮ್ಮೆ ಹೇಳಿಸಿದ. ನಾಳೆಯಿಂದ ಕೆಲಸಕ್ಕೆ ಬರಬಾರದೆಂದರು. ನಂತರ ಆ ಸಹಿಯ ಬಗ್ಗೆ ಕೇಳಲು ಶಿವಶರಣಪ್ಪನವರನ್ನು ಕರೆದರು.

ಹೊರಗೆ ಬಂದು ಗಿರಿಜಾಬಾಯಿಗೂ ಹೇಳಿದಳು.

"ಅಂದ್ರ ಅವಂಗ ಏನೂ ಕಾಣ್ತಿದ್ದಿಲ್ಲೇನು?"

"ಇಲ್ರಿ. ಯಾರಿಗೂ ಕಾಣ್ತಿದ್ದಿಲ್ಲ. ನಾ ಕಾಣ್ತದ ಅಂತ ಬರದೆ."

ಗಿರಿಜಾಬಾಯಿ ಎದ್ದರು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದರು. ತಿರುಗಿ ನೋಡಲಿಲ್ಲ.

ಮಧ್ಯಾಹ್ನ ದಾಟಿದರೂ ನಲಿನಿ ಬೆಂಚಿನ ಮೇಲೇ ಕೂತಿದ್ದಳು. ಶಿವಶರಣಪ್ಪನವರು ಹೊರಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದು ಕೂತರು. ಅವರ ಮುಖ ಒಂದೇ ತಾಸಿನಲ್ಲಿ ಇಳಿದುಹೋಗಿತ್ತು. ಅವಳಿಗೆ ಬೈಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಚೀಲದಿಂದ ಡಬ್ಬಿ ತೆಗೆದು, ಎರಡು ರೊಟ್ಟಿಯ ಮೇಲೆ ಪಲ್ಯ ಹಾಕಿ ಅವಳ ಕೈಗಿಟ್ಟರು.