ನಿಲ್ಲದ ಸ್ಪರ್ಶಕಾಲ

ಚಾಮರಾಜಪೇಟೆಯ ನಂಜುಂಡ ಜೋಯಿಸರಿಗೆ ಅಂದು ಬೆಳಗಿನಿಂದಲೂ ತಲೆ ಕೆಟ್ಟಿತ್ತು. ಸಂಜೆ ಚಂದ್ರಗ್ರಹಣ. ಗ್ರಹಣ ಹಿಡಿಯುವುದಕ್ಕೆ ಒಂದು ಯಾಮ, ಅಂದರೆ ಮೂರು ಗಂಟೆ, ಮೊದಲೇ ಮುಪ್ಪಿನ ತಾಯಿಯ ಊಟ ಮುಗಿಯಬೇಕು. ಮಗ ಗಣಿಸಿ ಹೊತ್ತು ಹೇಳದೆ ಎಲೆಯ ಮುಂದೆ ಕೂರುವುದಿಲ್ಲವೆಂಬುದು ಆಕೆಯ ವ್ರತ.

ಗ್ರಹಣ ಹಿಡಿಯುವ ಗಳಿಗೆಯಾದ ಸ್ಪರ್ಶಕಾಲ ತಿಳಿಯಲು ಆ ಹೊತ್ತಿನ ಚಂದ್ರನ ಸ್ಥಾನ ಬೇಕು. ಸ್ಥಾನ ತಿಳಿಯಲು ಹೊತ್ತು ಬೇಕು. ಆದ್ದರಿಂದ ಒಂದು ಹೊತ್ತನ್ನು ಊಹಿಸಿ, ಬಂದ ಉತ್ತರವನ್ನೇ ಮತ್ತೆ ಲೆಕ್ಕಕ್ಕೆ ಹಾಕಿ, ಹಾಕಿದ್ದೇ ಹೊರಬರುವ ತನಕ ಆವರ್ತಿಸಬೇಕೆಂದು ಶಾಸ್ತ್ರ. ಜೋಯಿಸರ ಹಲಗೆಯ ಮೇಲೆ ಹಾಕಿದ್ದಕ್ಕೂ ಬಂದದ್ದಕ್ಕೂ ನಡುವಿನ ಅಂತರ ಕುಗ್ಗುತ್ತಿತ್ತು, ಒಮ್ಮೊಮ್ಮೆ ಕುಗ್ಗದೆ ಹಟ ಹಿಡಿಯುತ್ತಿತ್ತು, ಸೊನ್ನೆ ಮಾತ್ರ ಆಗುತ್ತಿರಲಿಲ್ಲ. ಆಗುವಂತೆ ಕಂಡಾಗಲೆಲ್ಲ ಅವರೇ ಇನ್ನೂ ಸೂಕ್ಷ್ಮವಾದ ಭಿನ್ನರಾಶಿ ಹಿಡಿದು ಮೊದಲಿನಿಂದ ತೊಡಗುತ್ತಿದ್ದರು.

"ನಂಜುಂಡಾ, ರಾಹು ಚಂದ್ರನ್ನ ನುಂಗೋಕ್ ಮುಂಚೆ ನಾನೊಂದ್ ತುತ್ತು ನುಂಗ್ಬೋದೇನೋ?" ಒಳಗಿನಿಂದ ತಾಯಿ ಕೂಗಿದರು.

"ತಾಳಮ್ಮಾ! ಲೆಕ್ಕ ಇನ್ನೂ ಅಲ್ಲಾಡ್ತಿದೆ!" ಜೋಯಿಸರ ಕೈಯಲ್ಲಿ ಬಳಪ ಮುರಿಯಿತು.

ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ಮಗಳು ಶಾರದೆ ಹಲಗೆಯತ್ತ ಬಗ್ಗಿದಳು. "ಅಪ್ಪಾ, ಪೂರ್ತಿ ನಿಲ್ಲೋ ಬಿಂದು ಸಿಗ್ದೇ ಇರ್ಬೋದು. ಎಷ್ಟು ಕಡಿಮೆ ಅಲ್ಲಾಡ್ಬೇಕು ಅಂತ ನೀವೇ ಹೇಳಿ, ಅಷ್ಟೇ ಅಲ್ಲಾಡೋ ಉತ್ತರ ಸಿಗುತ್ತೆ. ಈಗ ಇದು ರೆಪ್ಪೆ ಬಡಿಯೋಷ್ಟೂ ಅಲ್ಲಾಡ್ತಿಲ್ಲ. ಅಜ್ಜಿ ಬೊಚ್ಚು ಬಾಯಲ್ಲಿ ಒಂದ್ ತುತ್ತು ಅಗಿಯೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು."

"ಭೇದವೇ ಇರ್ಬಾರ್ದು ಅನ್ನುತ್ತೆ ಕಣೇ ಶಾಸ್ತ್ರ!"

"ಯಾರ ಕಣ್ಣಿಗೆ ಅಪ್ಪಾ?"

ಜೋಯಿಸರು ಕಡೆಯ ಅಂಕಿಯನ್ನು ದುರುಗುಟ್ಟಿ ನೋಡಿದರು. ಬಳಿಕ ಅದಕ್ಕೇ ಕೈಮುಗಿದು, "ಮಧ್ಯಾಹ್ನ ಮೂರರೊಳಗೆ ಉಣ್ಣಮ್ಮಾ" ಎಂದರು.

"ಇದನ್ನ ಬೆಳಿಗ್ಗೇನೇ ಹೇಳಿದ್ದಿದ್ರೆ ಸಾರು ಬಿಸಿಯಾಗಿರ್ತಿತ್ತಲ್ಲೋ" ಎನ್ನುತ್ತ ತಾಯಿ ಎಲೆಯ ಮುಂದೆ ಕುಳಿತರು.