ಅನುಮೋದಿಸುವವರು ಯಾರು?

ಡೆಲ್ಲಾ ನೋವಾಕ್ ಹೈಸ್ಕೂಲಿನ ಕೊನೆಯ ವರ್ಷ ಫೇಲಾದದ್ದು ಒಂದೇ ವಿಷಯದಲ್ಲಿ, ಅದೂ ಪೌರನೀತಿಯಲ್ಲಿ. ಗಣಿತ ದಾಟಿದವಳು, ರಸಾಯನಶಾಸ್ತ್ರ ದಾಟಿದವಳು, ಒಳ್ಳೆಯ ಪ್ರಜೆಯಾಗುವುದು ಹೇಗೆ ಎಂಬ ಪಾಠದಲ್ಲಿ ಮುಗ್ಗರಿಸಿದಳು. ಕೇಳಿದವರು ನಕ್ಕರು. ನಗುವ ಮಾತಲ್ಲ ಇದು.

ಈ ವಿಷಯ ಪಾಸಾಗದೆ ಯಾರಿಗೂ ಡಿಪ್ಲೊಮಾ ಇಲ್ಲ ಎಂದು ರಾಜ್ಯ ಕಾನೂನು ಮಾಡಿತ್ತು. ಕಾನೂನು ಒಳ್ಳೆಯದೇ. ಹೆರಿಕ್‌ಟನ್ ಹೈಸ್ಕೂಲು ಅದನ್ನು ಗಿಳಿಪಾಠ ಮಾಡಿಟ್ಟಿತು. ಬ್ರಾಂಡಲ್ ಸರ್ ಪ್ರಶ್ನೆ ಕೇಳುವುದು, ಮಕ್ಕಳು ಒಪ್ಪಿಸುವುದು. ಸಂವಿಧಾನದ ಮೊದಲ ತಿದ್ದುಪಡಿ ಕೊಟ್ಟ ಹಕ್ಕುಗಳು ಯಾವುವು? ಮಾತಾಡುವ ಹಕ್ಕು, ಸಭೆ ಸೇರುವ ಹಕ್ಕು, ಸರ್ಕಾರದ ಮುಂದೆ ಅಹವಾಲು ಇಡುವ ಹಕ್ಕು. ಭೇಷ್, ಮುಂದಿನದು.

ಕ್ಲಾಸಿನ ಹೊರಗೆ ಕುಡಿಯುವ ನೀರಿನ ನಲ್ಲಿಗಳಿಗೆಲ್ಲ ಕಪ್ಪು ಪ್ಲಾಸ್ಟಿಕ್ ಸುತ್ತಿತ್ತು. ಹಳೆಯ ಕೊಳವೆಗಳಿಂದ ನೀರಿಗೆ ಸೀಸ ಇಳಿಯುತ್ತಿದೆ ಎಂದು ಗೊತ್ತಾದ ಮೇಲೆ ಸುತ್ತಿದ್ದು. ಸುತ್ತಿ ಕೈ ತೊಳೆದುಕೊಂಡರು. ಮಕ್ಕಳು ಮನೆಯಿಂದ ನೀರು ಹೊತ್ತು ತರಬೇಕು.

"ಸರ್, ಈ ನಲ್ಲಿ ವಿಷಯ ಯಾರನ್ನ ಕೇಳ್ಬೇಕು?" ಎಂದು ಡೆಲ್ಲಾ ಒಮ್ಮೆ ಕೈಯೆತ್ತಿದ್ದಳು.

"ಅದು ಪರೀಕ್ಷೆಗೆ ಬರಲ್ಲ ಕಣಮ್ಮ," ಎಂದರು ಬ್ರಾಂಡಲ್ ಸರ್. ಕೆಟ್ಟ ಮನುಷ್ಯರಲ್ಲ. ನೆರಳು ಕಂಡರೂ ಹೆದರುವವರು, ಅಷ್ಟೇ.

ಪರೀಕ್ಷೆಯ ಜೊತೆ ಇನ್ನೊಂದು ಕೆಲಸವೂ ಇತ್ತು. ಶಾಲಾ ಮಂಡಳಿಯ ಸಭೆಗೆ ಒಮ್ಮೆ ಹೋಗಿ, ಕೊನೆಯವರೆಗೂ ಕೂತು, ಸರ್ ಕೈಯಿಂದ ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲದಿದ್ದರೆ ಪಾಸಿಲ್ಲ. ಡೆಲ್ಲಾಳಿಗೆ ನರ್ಸಿಂಗ್ ತರಬೇತಿಯಲ್ಲಿ ಸೀಟು ಸಿಕ್ಕಿತ್ತು, ಡಿಪ್ಲೊಮಾ ತೋರಿಸಿದರೆ ಸೇರಿಕೊಳ್ಳಬಹುದು. ಹಾಗಾಗಿ ಬಾಯಿ ಮುಚ್ಚಿಕೊಂಡು ಕೂರಬೇಕೆಂದೇ ಹೋದಳು.

ಮಂಡಳಿಯ ಪ್ರತಿ ಸದಸ್ಯರ ಮುಂದೆಯೂ ಒಂದು ನೀರಿನ ಬಾಟಲಿ ಇತ್ತು. ಅದನ್ನು ಕಂಡಾಗಲೇ ಅವಳ ಮೈ ಉರಿಯತೊಡಗಿತು. ಹಿಂದೆ ಸ್ಕೂಲ್ ಬಸ್ಸು ಓಡಿಸುತ್ತಿದ್ದ ಓಟ್ಲಿ ಎಂಬ ಸದಸ್ಯೆ ಎದ್ದು, ಫುಟ್‌ಬಾಲ್ ಮೈದಾನದ ಹೊಸ ಸ್ಕೋರ್‌ಬೋರ್ಡಿನ ಹಣದಲ್ಲಿ ಮೊದಲು ಕೊಳವೆ ಬದಲಾಯಿಸೋಣ ಎಂದು ಸೂಚಿಸಿದರು.

"ಅನುಮೋದಿಸೋರು ಯಾರಾದ್ರೂ ಇದ್ದೀರಾ?" ಎಂದ ಅಧ್ಯಕ್ಷ ಗೋರ್ಮನ್, ಊರಿನ ಕಾರು ವ್ಯಾಪಾರಿ.

ಒಬ್ಬ ಫೋನು ನೋಡಿದ. ಒಬ್ಬಾಕೆ ಉಗುರು ನೋಡಿಕೊಂಡಳು. ಇನ್ನೊಬ್ಬ ಸದಸ್ಯ ಅನುಮೋದಿಸದಿದ್ದರೆ ಚರ್ಚೆಯೂ ಇಲ್ಲ, ಮತವೂ ಇಲ್ಲ. ಮಾತು ಹುಟ್ಟಿದಲ್ಲೇ ಸತ್ತಂತೆ. ಡೆಲ್ಲಾಳಿಗೆ ಅದು ಬಾಯಿಪಾಠವಾಗಿತ್ತು. ಆದರೂ ತಡೆಯಲಾಗಲಿಲ್ಲ.

"ನಾನು ಅನುಮೋದಿಸ್ತೀನಿ!"

"ಯಾರಮ್ಮ ಅದು? ನೀನು ಸದಸ್ಯೆ ಅಲ್ಲ, ಕೂತ್ಕೋ."

"ಆ ನೀರು ಕುಡಿದೋಳು ನಾನು. ನೀವಲ್ಲ."

"ಸಭೆಗೊಂದು ಕ್ರಮ ಇದೆ ಮಗು. ಪೌರನೀತಿ ಕ್ಲಾಸಲ್ಲಿ ಹೇಳ್ಕೊಟ್ಟಿಲ್ವಾ?" ಎಂದು ಗೋರ್ಮನ್ ಸುತ್ತ ನೋಡಿದ. ಎಲ್ಲರೂ ನಕ್ಕರು.

"ಕೊಟ್ಟಿದಾರೆ. ಅಹವಾಲು ಹೇಳೋ ಹಕ್ಕಿದೆ ಅಂತ. ಹೇಳ್ತಿದೀನಿ, ಕೇಳಿ!"

ಅಧ್ಯಕ್ಷನ ಮರದ ಸುತ್ತಿಗೆ ಮೇಜಿನ ಮೇಲೆ ಬಿತ್ತು. ಕಾವಲಿನವನು ಅವಳ ತೋಳು ಹಿಡಿದು ಹೊರಗೆ ಬಿಟ್ಟ. ಹಿಂದಿನ ಸಾಲಿನಲ್ಲಿದ್ದ ಬ್ರಾಂಡಲ್ ಸರ್ ತಮ್ಮ ಬೂಟನ್ನೇ ನೋಡುತ್ತಿದ್ದರು.

ಮಾರನೆಯ ದಿನ ಅವರು ಸಹಿ ಹಾಕಲಿಲ್ಲ. "ಕೊನೇವರ್ಗೂ ಕೂತಿಲ್ವಲ್ಲಮ್ಮ. ಪ್ರಿನ್ಸಿಪಾಲ್ರು ನನ್ ಮೇಲೇ ಕಣ್ಣಿಟ್ಟಿದಾರೆ. ನಾನೇನ್ ಮಾಡ್ಲಿ?"

"ಸಭೇಲಿ ಗೊರಕೆ ಹೊಡೀತಿದ್ದ ನಮ್ ಕ್ಲಾಸಿನ ರಸ್‌ಗೆ ಹಾಕಿದೀರಲ್ಲ ಸರ್?"

"ಅವನು ಕೊನೇವರ್ಗೂ ಇದ್ದ."

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಮಲಗಿದವನು ಪ್ರಜೆ, ಎದ್ದು ನಿಂತವಳು ಫೇಲು. ನರ್ಸಿಂಗ್ ಸೀಟು ಬೇರೆಯವರ ಪಾಲಾಯಿತು. ಪದವಿ ದಿನಕ್ಕೆಂದು ತಂದ ನಿಲುವಂಗಿ ಬಾಗಿಲ ಹಿಂದೆ ನೇತಾಡುತ್ತಲೇ ಇತ್ತು.

ಅವಳನ್ನು ಸಾಕಿದ್ದು ಅಜ್ಜಿ ಇರ್ಮಾ. ಆಕೆ ಹಿಟ್ಟಿನ ಹಾಳೆಯೊಳಗೆ ಆಲೂಗಡ್ಡೆ ತುಂಬಿ ಪಿರೋಗಿ ಮಡಚುತ್ತ ಗೋರ್ಮನ್‌ಗೆ ಸಹಸ್ರನಾಮ ಮಾಡುತ್ತಿದ್ದಳು. "ಅವನಿಗೇನ್ ಗೊತ್ತೇ ಡಿಪ್ಲೊಮಾ ಬೆಲೆ? ನನ್ ಜೊತೆ ಓದಿದೋನು. ಅರ್ಧಕ್ಕೆ ಬಿಟ್ಟು ಕಾರು ತೊಳೆಯಕ್ಕೆ ಹೋದ, ಕತ್ತೆ."

ಡೆಲ್ಲಾ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ಡಿಪ್ಲೊಮಾ ಇಲ್ದೆ ಅಧ್ಯಕ್ಷ ಹೇಗಾದ?"

"ವೋಟಿನ ಹಕ್ಕಿದ್ರೆ ಮಂಡಳಿಗೆ ನಿಲ್ಲಬಹುದು. ಓದು ಯಾರು ಕೇಳ್ತಾರೆ?"

ಶಾಲೆಯಿಂದ ಹೊರಗೆ ಹೋಗಲು ಪೌರನೀತಿ ಬೇಕು. ಶಾಲೆಯನ್ನು ಆಳಲು ಬೇಡ. ಈ ಒಂದು ಪಾಠವನ್ನು ಬ್ರಾಂಡಲ್ ಸರ್ ಬಾಯಿಪಾಠ ಮಾಡಿಸಿರಲಿಲ್ಲ. ಡೆಲ್ಲಾಳಿಗೆ ವಸಂತದಲ್ಲೇ ಹದಿನೆಂಟು ತುಂಬಿತ್ತು.

ಜುಲೈ ತಿಂಗಳ ಒಂದು ಸಂಜೆ ಬ್ರಾಂಡಲ್ ಸರ್ ಮನೆ ಮುಂದಿನ ಹುಲ್ಲಿಗೆ ಪೈಪಿನಲ್ಲಿ ನೀರು ಹಾಯಿಸುತ್ತಿದ್ದರು. ಡೆಲ್ಲಾ ಗೇಟಿನ ಹತ್ತಿರ ಬಂದು ಹಾಳೆ ಚಾಚಿದಳು.

"ನವೆಂಬರ್ ಚುನಾವಣೆಗೆ ಗೋರ್ಮನ್ ಎದುರು ನಿಲ್ತಿದೀನಿ ಸರ್. ನನ್ನ ಹೆಸರು ಮತಪತ್ರಕ್ಕೆ ಹೋಗ್ಬೇಕಾದ್ರೆ ಊರಿನ ಮತದಾರರ ಸಹಿ ಬೇಕು."

ಸರ್ ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. "ವೋಟು ಬೇಕಾದ್ರೆ ಹಾಕ್ತೀನಮ್ಮ, ಯಾರಿಗೂ ಗೊತ್ತಾಗಲ್ಲ. ಸಹಿ ಅಂದ್ರೆ... ಇದನ್ನ ಗೋರ್ಮನ್ ನೋಡ್ತಾನಾ?"

"ಯಾರು ಬೇಕಾದ್ರೂ ನೋಡಬಹುದು ಸರ್."

ಪೈಪಿನ ನೀರು ಒಂದೇ ಕಡೆ ಬಿದ್ದು ಅವರ ಬೂಟಿನ ಸುತ್ತ ಕೆಸರಾಯಿತು.

"ನಾನು ವೋಟು ಕೇಳೋಕ್ ಬಂದಿಲ್ಲ," ಎಂದಳು ಡೆಲ್ಲಾ. "ಆ ದಿನ ನಾನು ಎದ್ದು ನಿಂತಾಗ ನೀವೂ ಅಲ್ಲೇ ಇದ್ರಿ. ಈಗ ಹೇಳಿ. ಅನುಮೋದಿಸ್ತೀರಾ, ಇಲ್ವಾ?"

ಅವರು ಪೈಪು ಕೆಳಗೆ ಹಾಕಿ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ, ಪೆನ್ನು ತೆಗೆದುಕೊಂಡರು. ಹೆಸರು ಓದುವಂತೆ ಬಿಡಿಸಿ ಸಹಿ ಹಾಕಿದರು.

"ಡೆಲ್ಲಾ, ಆವತ್ತು ನಾನು..." ಎಂದು ಶುರು ಮಾಡಿದರು.

ಅವಳು ಕೇಳಿಸಿಕೊಳ್ಳಲಿಲ್ಲ, ಥ್ಯಾಂಕ್ಸ್ ಎಂದೂ ಹೇಳಲಿಲ್ಲ. ಹಾಳೆಗೆ ನೀರು ತಾಗದಂತೆ ಎತ್ತಿ ಹಿಡಿದುಕೊಂಡು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದಳು.