ಲೆಕ್ಕಕ್ಕೆ ಬಾರದ ಸಿಪ್ಪೆ

ದಕ್ಷಿಣ ಚೀನಾದ ಸಿನ್‌ಹುಯಿ ಊರಿನವರಿಗೆ ವರ್ಷಗಟ್ಟಲೆ ಒಣಗಿಸಿಟ್ಟ ಕಿತ್ತಳೆ ಸಿಪ್ಪೆ ಔಷಧವೂ ಹೌದು, ಅಡುಗೆಯೂ ಹೌದು, ಮರ್ಯಾದೆಯೂ ಹೌದು. ಬಂದವರ ಬಿಸಿನೀರಿಗೆ ಎರಡು ಚೂರು ಹಾಕಿ ಕೊಡದ ಮನೆ ಅಲ್ಲಿ ಮನೆಯೇ ಅಲ್ಲ. ಮರ್ಯಾದೆ ಎಲ್ಲಿ ಮುಗಿದು ಔಷಧ ಎಲ್ಲಿ ಶುರುವಾಗುತ್ತದೆ ಎಂದು ಡಾಕ್ಟರ್ ಸೌಲಾನ್ ಒಂದು ಗಳಿಗೆ ಯೋಚಿಸಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಅವಳಿಗೆ ನಾಡಿ ನೋಡಲು ಕಲಿಸಿದವರು ತಾಮ್ ವೈದ್ಯರು. ಊರಿನ ಆಸ್ಪತ್ರೆಯಲ್ಲೇ ಕೂರುತ್ತಿದ್ದ, ಎಂಬತ್ತರ ಹತ್ತಿರದ ಮನುಷ್ಯ. ಹಳೆಯ ಕೆಮ್ಮಿಗೆ ತಂದೆಯ ಕಾಲದ ಕಷಾಯವೊಂದನ್ನು ಕೊಡುತ್ತಿದ್ದರು; ಅದರ ಜೀವಾಳ ಅದೇ ಸಿಪ್ಪೆ. ಆಸ್ಪತ್ರೆಯ ಹೊಸ ಡಾಕ್ಟರುಗಳು ಅದನ್ನು ಕಂಡು ಮೂಗು ಮುರಿಯುತ್ತಿದ್ದರು. ಸೌಲಾನ್‌ಗೆ ರೋಷ ಬಂತು. ಸರಿಯಾಗಿ ಪರೀಕ್ಷೆ ಮಾಡಿ ಇವರ ಬಾಯಿ ಮುಚ್ಚಿಸುತ್ತೇನೆ ಎಂದು ಗುರುವಿನ ಮುಂದೆ ಕುಳಿತಳು.

"ಈ ವಯಸ್ಸಲ್ಲಿ ನನಗೆ ಪರೀಕ್ಷೆ ಬೇಕೇನಮ್ಮ?" ಎಂದು ನಕ್ಕರು. ಆಮೇಲೆ ಮೆತ್ತಗೆ ಹೇಳಿದರು: "ಮಾಡು. ನನಗೂ ಒಂದ್ಸಲ ಗೊತ್ತಾಗ್ಲಿ. ವಾಸಿಯಾದೋರು ಬಂದು ಕೈ ಮುಗೀತಾರೆ. ಆಗದೆ ಇದ್ದೋರು ಬಂದು ಹೇಳಲ್ವಲ್ಲ."

ನೂರ ಅರವತ್ತು ರೋಗಿಗಳು. ಅರ್ಧ ಜನಕ್ಕೆ ಕಷಾಯದ ಪುಡಿ, ಅರ್ಧ ಜನಕ್ಕೆ ಅದೇ ಬಣ್ಣ, ಅದೇ ಕಹಿಯ ಸುಳ್ಳು ಪುಡಿ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿಯದು, ಪೊಟ್ಟಣ ಕೊಡುವ ತಾಮ್ ವೈದ್ಯರಿಗೂ ತಿಳಿಯದು. ಕೆಮ್ಮಿಗೆ ಬೇರೆ ಯಾವ ಔಷಧವನ್ನೂ ಮುಟ್ಟುವಂತಿಲ್ಲ. ನಿಯಮಗಳನ್ನು ಸೌಲಾನ್ ಹನ್ನೆರಡು ಪುಟ ಬರೆದಿದ್ದಳು. ತಾಮ್ ವೈದ್ಯರು ಕನ್ನಡಕ ಏರಿಸಿಕೊಂಡು ಅಷ್ಟನ್ನೂ ಓದಿದರು.

ಮೊದಲ ದಿನವೇ ಬಾಗಿಲಲ್ಲಿ ನಿಂತು ಕೇಳಿದರು. "ಸೌಲಾನ್, ಪುಡಿ ಕಹಿ ಅಲ್ವಾ? ನಾನು ಯಾವಾಗ್ಲೂ ಕೊಡೋ ಹಾಗೆ ಎಲ್ರಿಗೂ ಮನೆ ಸಿಪ್ಪೆ ನಾಲ್ಕು ಚೂರು ಕಟ್ಟಿ ಕೊಡ್ಲಾ? ಬಿಸಿನೀರಿಗೆ ಹಾಕ್ಕೊಂಡು ಕುಡೀಲಿ. ನಿನ್ನ ನಿಯಮಕ್ಕೆ ಏನಾದ್ರೂ ಅಡ್ಡಿಯಾ?"

ಅವಳು ನಕ್ಕುಬಿಟ್ಟಳು. "ಇದನ್ನೂ ಕೇಳ್ತೀರಾ ಗುರುಗಳೇ? ಅದು ಉಪಚಾರ. ಬರಿಗೈಲಿ ಕಳ್ಸಿದ್ರೆ ಜನ ಏನಂದುಕೊಳ್ತಾರೆ?"

ವರ್ಷದ ಕೊನೆಗೆ, ಯಾರಿಗೆ ಯಾವ ಪುಡಿ ಎಂದು ಬರೆದು ಮುಚ್ಚಿಟ್ಟಿದ್ದ ಲಕೋಟೆ ಒಡೆದರು. ಎರಡೂ ಗುಂಪಿನಲ್ಲಿ ಕೆಮ್ಮು ಇಳಿದಿತ್ತು, ಸಮಸಮ. ನಿಜದ ಪುಡಿಗೂ ಸುಳ್ಳು ಪುಡಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸೌಲಾನ್ ಮೂರು ಸಲ ಲೆಕ್ಕ ಹಾಕಿಸಿದಳು. ಆಮೇಲೆ ವರದಿಗೆ ಸಹಿ ಹಾಕಿದಳು. ತಾಮ್ ವೈದ್ಯರು ಅದನ್ನು ಓದಿ, ಮಡಚಿ, "ಒಳ್ಳೇದಾಯ್ತು, ಗೊತ್ತಾಯ್ತಲ್ಲ" ಎಂದರು. ಮರುದಿನದಿಂದ ಆಸ್ಪತ್ರೆಗೆ ಬರಲಿಲ್ಲ.

ಐದು ತಿಂಗಳ ಮೇಲೆ ಮೀನು ಮಾರುವ ಹೆಂಗಸೊಬ್ಬಳು ಸೌಲಾನ್‌ಳ ಮೇಜಿನ ಮುಂದೆ ಕೆಮ್ಮುತ್ತ ಕುಳಿತಳು. ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕಿದ್ದು ಸುಳ್ಳು ಪುಡಿ.

"ಪುಡಿ ಬೇಡ ಡಾಕ್ಟ್ರಮ್ಮ, ಅದನ್ನ ನಾನು ಅರ್ಧಕ್ಕೇ ಬಿಟ್ಟಿದ್ದೆ, ಬೈಬೇಡಿ. ಆ ತಾತ ಕೊಡ್ತಿದ್ರಲ್ಲ ಸಿಪ್ಪೆ, ದಿನಾ ಅದನ್ನೇ ಕುದಿಸಿ ಕುಡ್ದೆ. ಅದು ಒಂಚೂರು ಸಿಗುತ್ತಾ?"

ಸೌಲಾನ್ ಪೆನ್ನು ಕೆಳಗಿಟ್ಟಳು. ಕಷಾಯದ ಜೀವಾಳವನ್ನು ಎರಡೂ ಗುಂಪಿಗೆ ವರ್ಷವಿಡೀ ಹಂಚಿಸಿ, ವ್ಯತ್ಯಾಸ ಯಾಕಿಲ್ಲ ಎಂದು ಮೂರು ಸಲ ಲೆಕ್ಕ ಹಾಕಿಸಿದ್ದಳು ಈ ಜಾಣೆ! ಅಂದು ಮಧ್ಯಾಹ್ನವೇ ಗುರುವಿನ ಮನೆಗೆ ಹೋದಳು.

ಅಟ್ಟದ ಮೇಲೆ ಸಾಲಾಗಿರುತ್ತಿದ್ದ ಜಾಡಿಗಳು ಒಂದೂ ಇರಲಿಲ್ಲ. ಅವರ ತಂದೆ ಒಣಗಿಸಿದ್ದ ಸಿಪ್ಪೆಯೂ ಅವುಗಳಲ್ಲಿತ್ತು.

"ಕೇರಿಯೋರಿಗೆ ಹಂಚಿಬಿಟ್ಟೆ," ಎಂದರು ಮುದುಕರು. "ಬಾತುಕೋಳಿ ಸಾರಿಗಾದ್ರೂ ಆಗ್ಲಿ ಅಂತ. ಇನ್ನೇನಕ್ಕೆ ಬರುತ್ತೆ ಅದು?"

ಅವಳು ನಡೆದದ್ದನ್ನೆಲ್ಲ ಹೇಳಿದಳು. ವರದಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ತಪ್ಪು ನನ್ನದೆಂದು ಬರೆಯುತ್ತೇನೆ ಎಂದಳು. ಮುದುಕರ ಕಣ್ಣಲ್ಲಿ ಸಣ್ಣ ಆಸೆ ಹೊಳೆಯಿತು.

"ಹಾಗಾದ್ರೆ ನನ್ನ ಔಷಧ ಕೆಲಸ ಮಾಡುತ್ತಾ?"

ಹೂಂ ಎಂದುಬಿಡಬಹುದಿತ್ತು. ಅವಳು ಹಾಗೆನ್ನಲಿಲ್ಲ. "ಗೊತ್ತಿಲ್ಲ ಗುರುಗಳೇ. ಸಿಪ್ಪೆಯಿಂದ ಹೋಯ್ತೋ, ತಾನಾಗೇ ಹೋಯ್ತೋ, ಈಗ ಹೇಳಕ್ಕಾಗಲ್ಲ. ಗೊತ್ತಾಗೋ ದಾರೀನ ನಾನೇ ಕೆಡಿಸಿದೆ."

ಅವರು ಎದ್ದು ಅವಳಿಗೆ ಬಿಸಿನೀರು ತಂದಿಟ್ಟರು. ಬರೀ ನೀರು. ಅದರಲ್ಲಿ ಹಾಕಲು ಮನೆಯಲ್ಲಿ ಏನೂ ಉಳಿದಿರಲಿಲ್ಲ.

"ನಾನು ಕೇಳಿದ್ದೆನಲ್ಲಮ್ಮ," ಎಂದರು.